ಬಣ್ಣದ ಟ್ಯೂಬ್ ಆಟ: ನಡುವೆ ಸಿಕ್ಕಿಹಾಕಿಕೊಳ್ಳದೆ ಆಡುವ ಸಮಗ್ರ ಮಾರ್ಗದರ್ಶಿ

ಮಳೆ ಹಿಡಿದು, ಕರೆಂಟ್ ಹೋಗಿ, ಹೊರಗೆ ಕಾಲಿಡಲಾಗದ ಜುಲೈ ಸಂಜೆಗಳಲ್ಲಿ ಕೊಡಗಿನವರ ಕೈಗೆ ಬರುವ ಫೋನ್ ಆಟಗಳಲ್ಲಿ ಬಣ್ಣದ ಟ್ಯೂಬ್ ಆಟವೂ ಒಂದು. ಪದರ ಪದರವಾಗಿ ಕಲೆತಿರುವ ಬಣ್ಣದ ನೀರನ್ನು ಟ್ಯೂಬಿನಿಂದ ಟ್ಯೂಬಿಗೆ ಸುರಿದು, ಒಂದೊಂದು ಬಣ್ಣವನ್ನೂ ಒಂದೊಂದೇ ಟ್ಯೂಬಿಗೆ ಸೇರಿಸುವುದು ಆಟದ ಗುರಿ. ನೆಟ್ ಬೇಡ, ಜೊತೆಗಾರರು ಬೇಡ, ಓಡುವ ಗಡಿಯಾರವೂ ಇಲ್ಲ. ಮೊದಮೊದಲ ಲೆವೆಲ್‌ಗಳು ಸರಾಗವಾಗಿ ಮುಗಿಯುತ್ತವೆ. ಆಮೇಲೆ ಹೆಚ್ಚಿನವರು ಬಂದು ನಿಲ್ಲುವುದು ಒಂದೇ ಜಾಗದಲ್ಲಿ: ಎರಡೂ ಖಾಲಿ ಟ್ಯೂಬ್‌ಗಳಲ್ಲಿ ಏನೋ ಒಂದಿಷ್ಟು ಬಿದ್ದಿದೆ, ಯಾವ ಬಣ್ಣಕ್ಕೂ ಜೋಡಿ ಸಿಗುತ್ತಿಲ್ಲ, ‘ಜಾಹೀರಾತು ನೋಡಿ, ಇನ್ನೊಂದು ಟ್ಯೂಬ್ ಪಡೆಯಿರಿ’ ಎನ್ನುವ ಬಟನ್ ಮಾತ್ರ ಮಿನುಗುತ್ತಿದೆ.

ಹೀಗಾಗುವುದು ಬುದ್ಧಿ ಸಾಲದೆ ಅಲ್ಲ, ಕ್ರಮ ತಪ್ಪಿ. ಕೆಳಗಿನ ಹಂತಗಳನ್ನು ಕೊಟ್ಟಿರುವ ಅನುಕ್ರಮದಲ್ಲೇ ನೋಡಿ. 3ನೇ ಹಂತದಿಂದ 6ರವರೆಗೆ ಆಟದ ತಿರುಳು. ಅವಸರದಲ್ಲಿ ಇರುವವರು ಅಲ್ಲಿಗೇ ಹೋಗಬಹುದು.

ಮೊದಲಿಗೆ ನಿಯಮ ಮತ್ತು ಒಂದು ಲೆಕ್ಕ

ಒಂದು ಟ್ಯೂಬಿನಲ್ಲಿ 4 ಪಾಲು ನೀರು ಹಿಡಿಯುತ್ತದೆ. ಪ್ರತಿ ಬಣ್ಣವೂ ಸರಿಯಾಗಿ 4 ಪಾಲು ಇರುತ್ತದೆ. ಸುರಿಯಲು ಎರಡೇ ದಾರಿ: ಖಾಲಿ ಟ್ಯೂಬಿಗೆ, ಇಲ್ಲವೇ ಮೇಲೆ ಅದೇ ಬಣ್ಣ ಇದ್ದು ಜಾಗವೂ ಇರುವ ಟ್ಯೂಬಿಗೆ. ಮೇಲ್ಭಾಗದಲ್ಲಿ ಒಂದೇ ಬಣ್ಣದ ಎರಡು ಮೂರು ಪಾಲು ಒಟ್ಟಿಗೆ ಇದ್ದರೆ, ಹಿಡಿಸುವಷ್ಟೂ ಒಂದೇ ಸಲಕ್ಕೆ ಹರಿಯುತ್ತದೆ. ಸಾಮಾನ್ಯವಾಗಿ ಎಷ್ಟು ಬಣ್ಣವೋ ಅಷ್ಟು ತುಂಬಿದ ಟ್ಯೂಬ್, ಜೊತೆಗೆ 2 ಖಾಲಿ ಟ್ಯೂಬ್ ಕೊಟ್ಟಿರುತ್ತಾರೆ.

ಈಗ ಲೆಕ್ಕ. ಎರಡು ಖಾಲಿ ಟ್ಯೂಬ್ ಎಂದರೆ 8 ಪಾಲು ಖಾಲಿ ಜಾಗ. ನೀವು ಎಷ್ಟೇ ಸುರಿದಾಡಿದರೂ ಆ 8 ಪಾಲು ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಅದು ಒಂದೆಡೆ ಇದೆಯೋ ಚೂರುಚೂರಾಗಿ ಹಂಚಿಹೋಗಿದೆಯೋ ಎನ್ನುವುದಷ್ಟೇ ಬದಲಾಗುತ್ತದೆ. ಕಾಫಿ ಕಣದಲ್ಲಿ ಅಲ್ಲೊಂದು ಮೂಲೆ ಇಲ್ಲೊಂದು ಮೂಲೆ ಖಾಲಿ ಇದ್ದು, ಹೊಸದಾಗಿ ಬಂದ ಲೋಡು ಇಳಿಸಲು ಜಾಗವೇ ಇಲ್ಲದ ಹಾಗೆ, ಈ ಆಟದಲ್ಲೂ ಜಾಗ ಇದ್ದೂ ಇಲ್ಲದಂತಾಗುತ್ತದೆ. ಖಾಲಿ ಜಾಗವನ್ನು ಒಡೆಯಬೇಡಿ, ಒಡೆದರೆ ಬೇಗ ಕೂಡಿಸಿ. ಮುಂದೆ ಬರುವ ಪ್ರತಿ ಸಲಹೆಯೂ ಇದರಿಂದಲೇ ಹುಟ್ಟಿದ್ದು.

ಹಂತ 1: ಆ್ಯಪ್ ಆರಿಸುವುದು

ಪ್ಲೇ ಸ್ಟೋರಿನಲ್ಲಿ ಇಂಥ ಆಟಗಳು ರಾಶಿ ರಾಶಿ ಇವೆ. ನೀರು ಸುರಿಯುವುದು, ಚೆಂಡು ಜೋಡಿಸುವುದು, ನಟ್ಟುಗಳನ್ನು ಬೋಲ್ಟಿಗೆ ಹಾಕುವುದು, ಕೊಂಬೆಯ ಮೇಲೆ ಹಕ್ಕಿ ಕೂರಿಸುವುದು, ಹೀಗೆ ವೇಷ ಬೇರೆ ಬೇರೆ, ಒಳಗಿನ ಆಟ ಒಂದೇ. 2022ರಲ್ಲಿ ಜಪಾನಿನ ಸಂಶೋಧಕರ ತಂಡವೊಂದು ನೀರಿನ ಆಟವೂ ಚೆಂಡಿನ ಆಟವೂ ಬಿಡಿಸಬಹುದೇ ಇಲ್ಲವೇ ಎನ್ನುವ ವಿಷಯದಲ್ಲಿ ಗಣಿತದ ದೃಷ್ಟಿಯಿಂದ ಸಮಾನ ಎಂದು ತೋರಿಸಿದೆ. ಆದ್ದರಿಂದ ಒಂದರಲ್ಲಿ ಕಲಿತದ್ದು ಇನ್ನೊಂದಕ್ಕೂ ಆಗುತ್ತದೆ. ಚೆಂಡು ಒಂದೊಂದೇ ಹೋಗುವುದರಿಂದ ಬೆರಳಿಗೆ ಕೆಲಸ ಜಾಸ್ತಿ, ಅಷ್ಟೆ. ಹೊಸಬರಿಗೆ ನೀರಿನದೇ ಅನುಕೂಲ.

ಇನ್‌ಸ್ಟಾಲ್ ಮಾಡುವ ಮೊದಲು ಇಷ್ಟು ನೋಡಿ:

1. ಒಂದು ಸ್ಟಾರ್ ಕೊಟ್ಟವರ ಇತ್ತೀಚಿನ ವಿಮರ್ಶೆ ಓದಿ. ಐದು ಸ್ಟಾರಿನ ಹೊಗಳಿಕೆಯಿಂದ ಏನೂ ತಿಳಿಯುವುದಿಲ್ಲ. ‘ಪ್ರತಿ ಲೆವೆಲ್ ನಡುವೆಯೂ ಜಾಹೀರಾತು’, ‘ನೆಟ್ ಇಲ್ಲದೆ ತೆರೆಯುವುದೇ ಇಲ್ಲ’ ಎಂಬ ದೂರುಗಳು ಸಿಗುವುದು ಕೆಳಗಿನ ವಿಮರ್ಶೆಗಳಲ್ಲಿ.
2. ಕಾಂಟ್ಯಾಕ್ಟ್ಸ್, ಲೊಕೇಶನ್, ಎಸ್ಸೆಮ್ಮೆಸ್ ಅನುಮತಿ ಕೇಳಿದರೆ ಕೊಡಬೇಡಿ. ಟ್ಯೂಬಿನಿಂದ ಟ್ಯೂಬಿಗೆ ನೀರು ಸುರಿಯಲು ನಿಮ್ಮ ಫೋನ್‌ಬುಕ್ ಯಾಕೆ ಬೇಕು?
3. ಇನ್‌ಸ್ಟಾಲ್ ಆದ ಮೇಲೆ ಡೇಟಾ, ವೈಫೈ ಎರಡನ್ನೂ ಆಫ್ ಮಾಡಿ ಒಮ್ಮೆ ತೆರೆದು ನೋಡಿ. ತೆರೆಯದಿದ್ದರೆ ತೆಗೆದುಹಾಕಿ, ಬೇರೆಯದು ಹುಡುಕಿ. ಭಾಗಮಂಡಲ, ಶಾಂತಳ್ಳಿ ಕಡೆಯ ಮಳೆಗಾಲಕ್ಕೆ ನೆಟ್ ಕೇಳುವ ಆಟ ಉಪಯೋಗವಿಲ್ಲ.
4. ‘ಲೆವೆಲ್ ಮುಗಿಸಿ, ಯುಪಿಐಗೆ ಹಣ ಪಡೆಯಿರಿ’ ಎನ್ನುವ ಆ್ಯಪ್ ಇದ್ದರೆ ಹತ್ತಿರವೂ ಹೋಗಬೇಡಿ. ಹಣ ಬರುವುದಕ್ಕೆ ಯುಪಿಐ ಪಿನ್ ಹಾಕುವ ಅಗತ್ಯ ಎಂದೂ ಇಲ್ಲ. ಪಿನ್ ಕೇಳಿತೆಂದರೆ ಹೋಗುತ್ತಿರುವುದು ನಿಮ್ಮ ಹಣ. ಈಗಾಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಂತ 2: ಫೋನ್ ಸಿದ್ಧ ಮಾಡಿಕೊಳ್ಳುವುದು

ಆಡುವಾಗ ಡೇಟಾ ಮತ್ತು ವೈಫೈ ಆಫ್ ಇರಲಿ. ಹೆಚ್ಚಿನ ಜಾಹೀರಾತು ಅಲ್ಲಿಗೇ ನಿಲ್ಲುತ್ತದೆ. ಏರೋಪ್ಲೇನ್ ಮೋಡ್ ಹಾಕಿದರೆ ಬ್ಯಾಟರಿ ಇನ್ನೂ ಉಳಿಯುತ್ತದೆ. ಸಿಗ್ನಲ್ ಕಡಿಮೆ ಇರುವ ತೋಟದ ಮನೆಗಳಲ್ಲಿ ಫೋನು ಟವರ್ ಹುಡುಕುತ್ತಲೇ ಬ್ಯಾಟರಿ ತಿಂದು ಮುಗಿಸುತ್ತದೆ. ಆದರೆ ಏರೋಪ್ಲೇನ್ ಮೋಡಿನಲ್ಲಿ ಕರೆ ಬರುವುದಿಲ್ಲ. ಮನೆಯವರು ಯಾರಾದರೂ ಮಳೆಯಲ್ಲಿ ಹೊರಗಿದ್ದರೆ ಡೇಟಾ ಮಾತ್ರ ಆಫ್ ಮಾಡಿ ಸಾಕು.

ಆಟದ ಸೆಟ್ಟಿಂಗ್ಸಿನಲ್ಲಿ ವೈಬ್ರೇಶನ್ ತೆಗೆಯಿರಿ. ನೀರು ಸುರಿಯುವ ಸದ್ದು ಬೇಕೋ ಬೇಡವೋ ನಿಮಗೆ ಬಿಟ್ಟದ್ದು. ಹಿನ್ನೆಲೆ ಸಂಗೀತ ಮಾತ್ರ ಹತ್ತು ನಿಮಿಷಕ್ಕೆ ತಲೆ ತಿನ್ನುತ್ತದೆ. ಕಪ್ಪು ಹಿನ್ನೆಲೆಯ ಥೀಮ್ ಇದ್ದರೆ ಹಾಕಿ. ಅಮೋಲೆಡ್ ಸ್ಕ್ರೀನಿನ ಫೋನಾದರೆ ಬ್ಯಾಟರಿಯೂ ಉಳಿಯುತ್ತದೆ. ಫೋನಿನ ಸೆಟ್ಟಿಂಗ್ಸಿಗೆ ಹೋಗಿ ಈ ಆಟದ ನೋಟಿಫಿಕೇಶನ್ ಪೂರ್ತಿ ಬಂದ್ ಮಾಡಿ. ‘ಇವತ್ತಿನ ಉಡುಗೊರೆ ತಪ್ಪಿಹೋಗುತ್ತಿದೆ’ ಎಂದು ದಿನಕ್ಕೆರಡು ಬಾರಿ ಕೂಗುವ ಆಟ ಮನಸ್ಸಿಗೆ ಆರಾಮ ಕೊಡುವುದಿಲ್ಲ. ಟೈಮರ್, ಲೀಗ್ ಮುಂತಾದವು ಇದ್ದರೆ ಅವನ್ನೂ ಮುಟ್ಟದಿರಿ.

ಇಲ್ಲಿ ಆಗುವ ಮುಖ್ಯ ಎಡವಟ್ಟು ಬಣ್ಣದ್ದು. ರಾತ್ರಿ ಹೊತ್ತು ಸ್ಕ್ರೀನನ್ನು ಹಳದಿ ಛಾಯೆಗೆ ತಿರುಗಿಸುವ ‘ನೈಟ್ ಲೈಟ್’ ಅಥವಾ ‘ಐ ಕಂಫರ್ಟ್’ ಹಾಕಿಕೊಂಡು ಆಡಿದರೆ ನೀಲಿ ಮಂಕಾಗಿ ನೇರಳೆಯೊಡನೆ ಬೆರೆಯುತ್ತದೆ, ತಿಳಿ ಹಳದಿಗೂ ಬಿಳಿಗೂ ವ್ಯತ್ಯಾಸ ತಿಳಿಯುವುದಿಲ್ಲ. ನೀವು ಒಂದೇ ಬಣ್ಣ ಅಂದುಕೊಂಡು ಒತ್ತುತ್ತೀರಿ, ಟ್ಯೂಬು ಅಲುಗಾಡಿ ಸುಮ್ಮನಾಗುತ್ತದೆ. ಆಡುವಷ್ಟು ಹೊತ್ತು ಅದನ್ನು ಆಫ್ ಮಾಡಿ, ಬದಲಿಗೆ ಬ್ರೈಟ್‌ನೆಸ್ ಇಳಿಸಿ. ಕೆಂಪು-ಹಸಿರು ಗುರುತಿಸಲು ಕಷ್ಟವಿರುವವರಿಗೆ ಹಲವು ಆ್ಯಪ್‌ಗಳಲ್ಲಿ ಬಣ್ಣದ ಮೇಲೆ ಚುಕ್ಕಿ, ಗೆರೆ, ನಕ್ಷತ್ರದ ಗುರುತು ಹಾಕುವ ಆಯ್ಕೆ ಇರುತ್ತದೆ. ಅದಿಲ್ಲದಿದ್ದರೆ ಆಂಡ್ರಾಯ್ಡ್ ಸೆಟ್ಟಿಂಗ್ಸಿನ ಆ್ಯಕ್ಸೆಸಿಬಿಲಿಟಿಯಲ್ಲಿ ‘ಕಲರ್ ಕರೆಕ್ಷನ್’ ಪ್ರಯತ್ನಿಸಿ.

ಒದ್ದೆ ಬೆರಳಿನಲ್ಲಿ ಮುಟ್ಟಬೇಡಿ. ಸ್ಕ್ರೀನಿನ ಮೇಲೆ ಬಿದ್ದ ಮಳೆಹನಿಯನ್ನೂ ಫೋನು ಬೆರಳೆಂದೇ ತಿಳಿದುಕೊಳ್ಳುತ್ತದೆ. ನೀವು ಆರಿಸದ ಟ್ಯೂಬು ತಾನಾಗಿ ಎದ್ದು ಸುರಿಯಿತೆಂದರೆ ಮೊದಲು ಸ್ಕ್ರೀನ್ ಒರೆಸಿ, ಆಮೇಲೆ ನಡೆಯನ್ನು ಹಿಂತೆಗೆಯುವ ಅನ್‌ಡು ಒತ್ತಿ.

ಹಂತ 3: ಮುಟ್ಟುವ ಮುಂಚೆ ಓದುವುದು

ಲೆವೆಲ್ ತೆರೆದ ಕೂಡಲೇ ಬೆರಳು ಓಡುತ್ತದೆ. ಅರ್ಧಕ್ಕರ್ಧ ಸೋಲು ಅಲ್ಲೇ ನಿರ್ಧಾರವಾಗಿಬಿಡುತ್ತದೆ. ಅರ್ಧ ನಿಮಿಷ ಕೈ ಕಟ್ಟಿ ಕೂತು ಮೂರು ಸಂಗತಿ ನೋಡಿ.

ಒಂದು, ತಳ. ಪ್ರತಿ ಟ್ಯೂಬಿನ ತಳದಲ್ಲಿ ಯಾವ ಬಣ್ಣ ಇದೆ? ತಳದಲ್ಲಿ ಒಂದೇ ಬಣ್ಣದ ಎರಡು ಪಾಲು ಕೂತಿರುವ ಟ್ಯೂಬ್ ಸಿಕ್ಕರೆ ಅದೇ ಆ ಬಣ್ಣದ ಮನೆ. ಅದರ ಮೇಲಿನದನ್ನು ತೆಗೆದರೆ ಸಾಕು, ಹೊಸ ಟ್ಯೂಬ್ ಬೇಕಿಲ್ಲ.

ಎರಡು, ಜೋಡಿ. ಮೇಲ್ಭಾಗದಲ್ಲಿ ಎರಡು ಮೂರು ಪಾಲು ಒಟ್ಟಿಗೆ ಇರುವ ಬಣ್ಣ ಯಾವುದು?

ಮೂರು, ಆಳ. ಮೇಲಿನ ಪಾಲಿಗೆ 1, ಅದರ ಕೆಳಗಿನದಕ್ಕೆ 2, ಆಮೇಲೆ 3, ತಳಕ್ಕೆ 4 ಎಂದು ಅಂಕ ಕೊಡಿ. ಒಂದು ಬಣ್ಣದ ನಾಲ್ಕೂ ಪಾಲಿನ ಅಂಕ ಕೂಡಿಸಿ. ಮೊತ್ತ ಕಡಿಮೆ ಇರುವ ಬಣ್ಣ ಬೇಗ ಹೊರಬರುತ್ತದೆ, ಅದನ್ನೇ ಮೊದಲು ಕಟ್ಟಲು ನೋಡಿ. ಇದು ಎಲ್ಲ ಸಲವೂ ಹೊಂದುವ ಸೂತ್ರವಲ್ಲ. ಅಂಥ ಚುಟುಕು ಸೂತ್ರ ಯಾರ ಬಳಿಯೂ ಇಲ್ಲ: ಮೇಲೆ ಹೇಳಿದ ಸಂಶೋಧಕರೇ ಈ ಆಟವನ್ನು ಗಣಕ ವಿಜ್ಞಾನದವರು ಎನ್‌ಪಿ-ಕಂಪ್ಲೀಟ್ ಎಂದು ಕರೆಯುವ ಕಠಿಣ ಸಮಸ್ಯೆಗಳ ಗುಂಪಿಗೆ ಸೇರಿಸಿದ್ದಾರೆ. ಆದರೂ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಕೂತಾಗ ಆಳದ ಲೆಕ್ಕ ಒಳ್ಳೆಯ ದಾರಿ ತೋರಿಸುತ್ತದೆ. ಪ್ರತಿ ಲೆವೆಲ್‌ಗೂ ಮಾಡುತ್ತಾ ಕೂರಬೇಕಿಲ್ಲ; ಹತ್ತಾರು ಬಾರಿ ಮಾಡಿದ ಮೇಲೆ ಕಣ್ಣೇ ಹೇಳುತ್ತದೆ.

ಹಂತ 4: ಮೊದಲ ಖಾಲಿ ಟ್ಯೂಬ್ ತೆರೆಯುವುದು

ಮೇಲ್ಭಾಗದಲ್ಲಿ ಒಂದೇ ಬಣ್ಣ ಎರಡು ಕಡೆ ಕಂಡರೂ ಆರಂಭದಲ್ಲಿ ಎಲ್ಲ ಟ್ಯೂಬೂ ತುಂಬಿರುವುದರಿಂದ ಸುರಿಯಲಾಗದು. ಮೊದಲ ನಡೆ ಖಾಲಿ ಟ್ಯೂಬಿಗೇ ಹೋಗಬೇಕು. ಯಾವ ಬಣ್ಣವನ್ನು ಅದಕ್ಕೆ ಹಾಕಬೇಕು ಎನ್ನುವುದೇ ಪ್ರಶ್ನೆ. ಎರಡು ಗುಣ ಇರುವ ಬಣ್ಣ ಆರಿಸಿ: ಅದರ ಇನ್ನಷ್ಟು ಪಾಲು ಬೇಗ ಬಂದು ಸೇರುವಂತಿರಬೇಕು, ಮತ್ತು ಅದನ್ನು ತೆಗೆದಾಗ ಕೆಳಗೆ ಕಾಣುವ ಬಣ್ಣ ಬೇರೆ ಯಾವುದೋ ಟ್ಯೂಬಿನ ಮೇಲ್ಭಾಗದ ಬಣ್ಣಕ್ಕೆ ಹೊಂದಬೇಕು.

ಎರಡನೇ ಗುಣವನ್ನೇ ಜನ ಮರೆಯುವುದು. ಒಂದು ಪಾಲು ತೆಗೆದಿರಿ, ಕೆಳಗೆ ಯಾರಿಗೂ ಬೇಡದ ಬಣ್ಣ ಬಂತು ಎಂದರೆ ಖಾಲಿ ಟ್ಯೂಬೂ ಹೋಯಿತು, ಲಾಭವೂ ಇಲ್ಲ.

ಹಂತ 5: ಸುರಿಯುವ ದಿಕ್ಕು

ಎರಡು ಟ್ಯೂಬಿನ ಮೇಲೂ ಹಳದಿ ಇದೆ, ಎರಡರಲ್ಲೂ ಜಾಗ ಇದೆ ಅಂದುಕೊಳ್ಳಿ. ಒಂದರಲ್ಲಿ ಹಳದಿಯ ಕೆಳಗೆ ಕೆಂಪು, ಇನ್ನೊಂದರಲ್ಲಿ ನೀಲಿ. ಯಾವುದರಿಂದ ಯಾವುದಕ್ಕೆ? ಈಗ ನಿಮಗೆ ಹೊರಬರಬೇಕಾದ್ದು ಕೆಂಪು ಎಂದಾದರೆ ಕೆಂಪಿನ ಮೇಲಿನ ಹಳದಿಯನ್ನೇ ಎತ್ತಿ ನೀಲಿಯ ಮೇಲಿನದಕ್ಕೆ ಸುರಿಯಿರಿ. ನೋಡಲು ಸಣ್ಣ ವಿಷಯ. ತಿರುಗಿಸಿ ಸುರಿದರೆ ಬೇಕಾದ ಕೆಂಪು ಇನ್ನಷ್ಟು ಹೂತುಹೋಗುತ್ತದೆ.

ಇನ್ನೊಂದು ಎಡವಟ್ಟು ಎಂದರೆ ಅರೆಬರೆ ಸುರಿಯುವುದು. ಮೂರು ಪಾಲು ನೀಲಿಯನ್ನು ಒಂದೇ ಪಾಲು ಜಾಗ ಇರುವ ಕಡೆ ಸುರಿದರೆ ಒಂದು ಹೋಗಿ ಎರಡು ಅಲ್ಲೇ ಉಳಿಯುತ್ತದೆ. ಕೆಳಗಿನ ಬಣ್ಣ ತೆರೆದುಕೊಳ್ಳಲಿಲ್ಲ, ಆ ಕಡೆಯ ಟ್ಯೂಬ್ ತುಂಬಿ ಮುಚ್ಚಿಹೋಯಿತು. ಒಂದು ನಡೆಗೆ ಎರಡು ನಷ್ಟ. ಸುರಿಯುವ ಮುಂಚೆ ‘ಇಲ್ಲಿ ಎಷ್ಟು ಪಾಲು, ಅಲ್ಲಿ ಎಷ್ಟು ಜಾಗ’ ಎಂದು ಎಣಿಸುವ ಅಭ್ಯಾಸ ಮಾಡಿಕೊಳ್ಳಿ.

ಇನ್ನು, ಒಂದೇ ಬಣ್ಣ ಇರುವ ಟ್ಯೂಬನ್ನು ಖಾಲಿ ಟ್ಯೂಬಿಗೆ ವರ್ಗಾಯಿಸುವವರೂ ಇದ್ದಾರೆ. ಏನೂ ಬದಲಾಗುವುದಿಲ್ಲ, ಜಾಗ ಮಾತ್ರ ಆಚೆ ಈಚೆ.

ಒಂದು ಲೆವೆಲ್, ಮೊದಲಿಂದ ಕೊನೆಯವರೆಗೆ

ಮಾತಿಗಿಂತ ಒಂದು ಉದಾಹರಣೆ ಮೇಲು. ಚೀಟಿಯಲ್ಲಿ ಬರೆದುಕೊಂಡು ಅನುಸರಿಸಿ. ನಾಲ್ಕು ಬಣ್ಣ, ಆರು ಟ್ಯೂಬ್. ಬಣ್ಣಗಳನ್ನು ಮೇಲಿನಿಂದ ಕೆಳಕ್ಕೆ ಕೊಟ್ಟಿದೆ.

ಟ್ಯೂಬ್ 1: ಕೆಂಪು, ನೀಲಿ, ಹಳದಿ, ಹಸಿರು
ಟ್ಯೂಬ್ 2: ನೀಲಿ, ನೀಲಿ, ಕೆಂಪು, ಹಳದಿ
ಟ್ಯೂಬ್ 3: ಹಳದಿ, ಹಸಿರು, ಕೆಂಪು, ನೀಲಿ
ಟ್ಯೂಬ್ 4: ಹಸಿರು, ಹಳದಿ, ಹಸಿರು, ಕೆಂಪು
ಟ್ಯೂಬ್ 5 ಮತ್ತು 6: ಖಾಲಿ

ಆಳದ ಲೆಕ್ಕ ಹಾಕಿದರೆ ನೀಲಿ 9, ಹಳದಿ 10, ಹಸಿರು 10, ಕೆಂಪು 11. ನೀಲಿಯೇ ಮೊದಲು. ಟ್ಯೂಬ್ 2ರಲ್ಲಿ ಅದು ಜೋಡಿಯಾಗಿಯೂ ಇದೆ, ತೆಗೆದರೆ ಕೆಳಗೆ ಕೆಂಪು ಬರುತ್ತದೆ, ಆ ಕೆಂಪಿಗೆ ಟ್ಯೂಬ್ 1ರ ಮೇಲಿನ ಕೆಂಪು ಹೊಂದುತ್ತದೆ. ಹಂತ 4ರ ಎರಡೂ ಗುಣ ಇಲ್ಲಿವೆ.

1. ಟ್ಯೂಬ್ 2ರಿಂದ 5ಕ್ಕೆ: ಎರಡು ಪಾಲು ನೀಲಿ.
2. ಟ್ಯೂಬ್ 1ರಿಂದ 2ಕ್ಕೆ: ಕೆಂಪು. ಈಗ ಟ್ಯೂಬ್ 2ರಲ್ಲಿ ಕೆಂಪು, ಕೆಂಪು, ಹಳದಿ.
3. ಟ್ಯೂಬ್ 1ರಿಂದ 5ಕ್ಕೆ: ನೀಲಿ. ಟ್ಯೂಬ್ 5ರಲ್ಲಿ ಮೂರು ನೀಲಿ.
4. ಟ್ಯೂಬ್ 3ರಿಂದ 1ಕ್ಕೆ: ಹಳದಿ. ಟ್ಯೂಬ್ 1ರಲ್ಲಿ ಹಳದಿ, ಹಳದಿ, ಹಸಿರು.
5. ಟ್ಯೂಬ್ 4ರಿಂದ 3ಕ್ಕೆ: ಹಸಿರು.
6. ಟ್ಯೂಬ್ 4ರಿಂದ 1ಕ್ಕೆ: ಹಳದಿ.
7. ಟ್ಯೂಬ್ 3ರಿಂದ 4ಕ್ಕೆ: ಎರಡು ಪಾಲು ಹಸಿರು.
8. ಟ್ಯೂಬ್ 3ರಿಂದ 2ಕ್ಕೆ: ಕೆಂಪು.
9. ಟ್ಯೂಬ್ 3ರಿಂದ 5ಕ್ಕೆ: ಕೊನೆಯ ನೀಲಿ. ನೀಲಿ ಮುಗಿಯಿತು, ಟ್ಯೂಬ್ 3 ಖಾಲಿಯಾಯಿತು.

ಇಲ್ಲಿ ನಿಂತು ನೋಡಿ. ಒಂಬತ್ತು ನಡೆ ಆದರೂ ಟ್ಯೂಬ್ 6ನ್ನು ಮುಟ್ಟಿಯೇ ಇಲ್ಲ. 8 ಪಾಲು ಖಾಲಿ ಜಾಗ ಮತ್ತೆ ಎರಡು ಪೂರ್ತಿ ಟ್ಯೂಬಾಗಿ ಕೂಡಿಕೊಂಡಿದೆ. 5ನೇ ಮತ್ತು 7ನೇ ನಡೆಯನ್ನು ಗಮನಿಸಿ: ಹಸಿರನ್ನು 4ರಿಂದ 3ಕ್ಕೆ ಕೊಟ್ಟು, ನಡುವೆ ಹಳದಿಯೊಂದನ್ನು ತೆಗೆದು, ಅದೇ ಹಸಿರನ್ನು ಜೋಡಿ ಮಾಡಿ ವಾಪಸ್ ತಂದಿದ್ದೇವೆ. ಒಂದು ಬಣ್ಣವನ್ನು ಸ್ವಲ್ಪ ಹೊತ್ತು ಬೇರೆ ಕಡೆ ನಿಲ್ಲಿಸಿ ಮರಳಿ ಕರೆಸುವ ಈ ಉಪಾಯ ದೊಡ್ಡ ಲೆವೆಲ್‌ಗಳಲ್ಲಿ ಪದೇಪದೇ ಬೇಕಾಗುತ್ತದೆ. ಖಾಲಿ ಟ್ಯೂಬಿನ ಬದಲು ಅದೇ ಬಣ್ಣದ ತಲೆಯ ಮೇಲೆ ನಿಲ್ಲಿಸಿದ್ದರಿಂದ ಏನೂ ಖರ್ಚಾಗಲಿಲ್ಲ.

ಉಳಿದದ್ದು ಟ್ಯೂಬ್ 1ರಲ್ಲಿ ಮೂರು ಹಳದಿಯ ಕೆಳಗೆ ಹಸಿರು, 2ರಲ್ಲಿ ಮೂರು ಕೆಂಪಿನ ಕೆಳಗೆ ಹಳದಿ, 4ರಲ್ಲಿ ಮೂರು ಹಸಿರಿನ ಕೆಳಗೆ ಕೆಂಪು.

10. ಟ್ಯೂಬ್ 1ರಿಂದ 3ಕ್ಕೆ: ಮೂರು ಹಳದಿ.
11. ಟ್ಯೂಬ್ 4ರಿಂದ 1ಕ್ಕೆ: ಮೂರು ಹಸಿರು. ಹಸಿರು ಮುಗಿಯಿತು.
12. ಟ್ಯೂಬ್ 2ರಿಂದ 4ಕ್ಕೆ: ಮೂರು ಕೆಂಪು. ಕೆಂಪು ಮುಗಿಯಿತು.
13. ಟ್ಯೂಬ್ 2ರಿಂದ 3ಕ್ಕೆ: ಹಳದಿ. ಮುಗಿಯಿತು.

ಹದಿಮೂರು ನಡೆ, ಒಂದೂ ಅನ್‌ಡು ಇಲ್ಲ. ಈ ಪುಟ್ಟ ಲೆವೆಲನ್ನು ಬೇರೆ ದಾರಿಯಲ್ಲೂ ಬಿಡಿಸಬಹುದು, ಶುರುವಿನಲ್ಲೇ ಎರಡೂ ಖಾಲಿ ಟ್ಯೂಬ್ ಬಳಸಿದರೂ ಪಾರಾಗಬಹುದು. ಬಣ್ಣ ಹತ್ತು ಹನ್ನೆರಡಾದಾಗ ಆ ಧಾರಾಳ ನಡೆಯುವುದಿಲ್ಲ.

ಇದೇ ಲೆವೆಲಿನಲ್ಲಿ ಮೊದಲು ಟ್ಯೂಬ್ 1ರ ಕೆಂಪನ್ನು 5ಕ್ಕೆ ಹಾಕಿದ್ದರೆ? ಕೆಳಗೆ ನೀಲಿ ಬರುತ್ತದೆ, ಟ್ಯೂಬ್ 2ರ ಮೇಲೂ ನೀಲಿ. ಆಸೆಯಿಂದ ಸುರಿದರೆ ಟ್ಯೂಬ್ 1ರಲ್ಲಿ ಜಾಗ ಒಂದೇ ಪಾಲು. ನೀಲಿ ಜೋಡಿ ಒಡೆದು ಒಂದು ಇಲ್ಲಿ, ಒಂದು ಅಲ್ಲಿ. ಟ್ಯೂಬ್ 1 ಮತ್ತೆ ಭರ್ತಿ. ಹಂತ 5ರಲ್ಲಿ ಹೇಳಿದ ಎಡವಟ್ಟು ಇದೇ.

ಹಂತ 6: ಎರಡನೇ ಖಾಲಿ ಟ್ಯೂಬ್

ಇದೇ ಆಟದ ಗಂಟಲು. ಎರಡನೆಯದನ್ನು ತೆರೆಯುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ತೆರೆದರೆ ಮುಂದಿನ ಮೂರು ನಾಲ್ಕು ನಡೆಯೊಳಗೆ ಯಾವುದಾದರೂ ಒಂದು ಟ್ಯೂಬ್ ಖಾಲಿಯಾಗುತ್ತದೆಯೇ, ಅಥವಾ ಒಂದು ಬಣ್ಣ ಪೂರ್ತಿಯಾಗುತ್ತದೆಯೇ? ಹೌದು ಎಂದರೆ ಧೈರ್ಯವಾಗಿ ತೆರೆಯಿರಿ. ‘ನೋಡೋಣ, ಏನಾದರೂ ಆಗಬಹುದು’ ಎಂದರೆ ಬೇಡ.

ಖಾಲಿ ಮಾಡಲು ಟ್ಯೂಬ್ ಆರಿಸುವಾಗ ಅತಿ ಕಡಿಮೆ ನೀರು ಇರುವುದನ್ನಲ್ಲ, ಅತಿ ಕಡಿಮೆ ಬಣ್ಣದ ಪದರ ಇರುವುದನ್ನು ಹಿಡಿಯಿರಿ. ಮೂರು ಪಾಲು ಇದ್ದರೂ ಒಂದೇ ಬಣ್ಣವಾದರೆ ಒಂದೇ ನಡೆಗೆ ಖಾಲಿ. ಎರಡು ಪಾಲು ಎರಡು ಬಣ್ಣವಾದರೆ ಎರಡು ನಡೆ, ಎರಡು ಕಡೆ ಜಾಗ.

ಎರಡನೇ ಟ್ಯೂಬಿಗೆ ಯಾವ ಬಣ್ಣ? ಮೊದಲ ಟ್ಯೂಬಿನಲ್ಲಿ ಅರ್ಧ ಕಟ್ಟಿದ ಬಣ್ಣದ ದಾರಿಗೆ ಅಡ್ಡ ನಿಂತದ್ದೇ ಆಗಲಿ. ಎರಡು ಹೊಸ ಬಣ್ಣಗಳನ್ನು ಒಂದೇ ಹೊತ್ತಿಗೆ ಕಟ್ಟಲು ಹೊರಟರೆ ಎರಡೂ ಮೂರು ಪಾಲಿಗೆ ನಿಲ್ಲುತ್ತವೆ, ನಾಲ್ಕನೆಯ ಪಾಲು ಯಾವುದೋ ಟ್ಯೂಬಿನ ತಳದಲ್ಲಿ ಕೂತು ನಗುತ್ತಿರುತ್ತದೆ.

ಹಂತ 7: ಅಪಾಯದ ಲಕ್ಷಣ, ಹಿಂದಿರುಗುವ ಬಗೆ

ಪೂರ್ತಿ ಸಿಕ್ಕಿಹಾಕಿಕೊಳ್ಳುವ ಮೊದಲೇ ಆಟ ಸೂಚನೆ ಕೊಡುತ್ತದೆ.

ಖಾಲಿ ಜಾಗವೆಲ್ಲ ಒಂದೊಂದೇ ಪಾಲಾಗಿ ಹಂಚಿಹೋಗಿದೆ. ಎರಡು ಟ್ಯೂಬಿನ ನಡುವೆ ಒಂದೇ ಬಣ್ಣವನ್ನು ಅತ್ತಿಂದಿತ್ತ ಸುರಿಯುತ್ತಿದ್ದೀರಿ. ತುಂಬಿರುವ, ಆದರೆ ಬಣ್ಣ ಪೂರ್ತಿಯಾಗದ ಟ್ಯೂಬ್‌ಗಳು ಹೆಚ್ಚುತ್ತಿವೆ. ಯಾವುದೋ ಬಣ್ಣದ ಎರಡು ಪಾಲು ಎರಡು ತಳದಲ್ಲಿವೆ, ಎರಡರ ಮೇಲೂ ಒಂದೇ ಬಣ್ಣ ಕೂತಿದೆ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಮುಂದೆ ಹೋಗುವುದು ದಂಡ.

ಆಗ ಏನು ಮಾಡಬೇಕು? ಹೆಚ್ಚಿನವರು ಒಂದು ಅನ್‌ಡು ಒತ್ತಿ, ಇನ್ನೊಂದು ಕಡೆ ಸುರಿದು ನೋಡಿ, ಮತ್ತೆ ಒಂದು ಅನ್‌ಡು ಒತ್ತುತ್ತಾರೆ. ತಪ್ಪು ಆಗಿರುವುದು ಈಗಿನ ನಡೆಯಲ್ಲಿ ಅಲ್ಲ. ಸಾಮಾನ್ಯವಾಗಿ ಎರಡನೇ ಖಾಲಿ ಟ್ಯೂಬ್ ತೆರೆದ ನಡೆಯಲ್ಲಿ. ಅಲ್ಲಿಯವರೆಗೂ ಹಿಂದೆ ಹೋಗಿ ಬೇರೆ ಬಣ್ಣ ಆರಿಸಿ. ಹಲವು ಆ್ಯಪ್‌ಗಳಲ್ಲಿ ಅನ್‌ಡುಗೆ ಮಿತಿ ಇದೆ, ಅದು ಮುಗಿದರೆ ಜಾಹೀರಾತು. ಅಷ್ಟು ಕಷ್ಟ ಯಾಕೆ, ರೀಸ್ಟಾರ್ಟ್ ಒತ್ತಿ. ಸಾಮಾನ್ಯವಾಗಿ ಅದಕ್ಕೆ ಏನೂ ಕೊಡಬೇಕಾಗಿಲ್ಲ, ಬಣ್ಣಗಳೂ ಅದೇ ಜಾಗದಲ್ಲಿ ಬರುತ್ತವೆ. ಮೊದಲ ಆರೇಳು ನಡೆ ಚೀಟಿಯಲ್ಲಿ ‘2-5, 1-2’ ಎಂದು ಬರೆದಿಟ್ಟುಕೊಂಡಿದ್ದರೆ ವಾಪಸ್ ಅಲ್ಲಿಗೆ ಬರಲು ಅರ್ಧ ನಿಮಿಷವೂ ಬೇಡ.

ರೀಸ್ಟಾರ್ಟ್ ಮಾಡಿ ಮತ್ತೆ ಅದೇ ಮೊದಲ ನಡೆ ಇಡುವುದು ಎಲ್ಲರೂ ಮಾಡುವ ತಪ್ಪು. ಕೈಗೆ ಅಭ್ಯಾಸ ಆಗಿಬಿಟ್ಟಿರುತ್ತದೆ. ಎರಡು ಸಲ ಸೋತ ಮೇಲೆ ಬೇಕೆಂದೇ ಬೇರೆ ಬಣ್ಣದಿಂದ ಶುರು ಮಾಡಿ.

ಹೆಚ್ಚುವರಿ ಟ್ಯೂಬನ್ನು ಕೊನೆಯ ಅಸ್ತ್ರವಾಗಿ ಇಟ್ಟುಕೊಳ್ಳಿ. ಅದು ಕೆಲಸಕ್ಕೆ ಬರುವುದು ಒಂದೇ ಒಂದು ಬಣ್ಣ ಅಡ್ಡ ನಿಂತು, ಅದನ್ನು ತೆಗೆದರೆ ಮುಂದಿನದೆಲ್ಲ ಬಿಚ್ಚಿಕೊಳ್ಳುತ್ತದೆ ಎಂದು ಕಣ್ಣಿಗೆ ಕಾಣುತ್ತಿರುವಾಗ. ಸುಮ್ಮನೆ ಗಾಬರಿಯಲ್ಲಿ ತೆಗೆದುಕೊಂಡರೆ ಅದೂ ತುಂಬಿಹೋಗುತ್ತದೆ. ಕೆಲವು ಆ್ಯಪ್‌ಗಳು ಕೊಡುವ ಹೆಚ್ಚುವರಿ ಟ್ಯೂಬಿಗೆ ಒಂದೇ ಪಾಲು ಹಿಡಿಯುತ್ತದೆ. ಜಾಹೀರಾತು ನೋಡುವ ಮೊದಲು ಚಿತ್ರದಲ್ಲಿ ಅದರ ಎತ್ತರ ನೋಡಿಕೊಳ್ಳಿ.

ಹಂತ 8: ಪ್ರಶ್ನಾರ್ಥಕ ಚಿಹ್ನೆಯ ಲೆವೆಲ್‌ಗಳು

ಕೆಲವು ಲೆವೆಲ್‌ಗಳಲ್ಲಿ ಮೇಲಿನ ಪಾಲು ಮಾತ್ರ ಕಾಣುತ್ತದೆ, ಕೆಳಗಿನದೆಲ್ಲ ಪ್ರಶ್ನಾರ್ಥಕ ಚಿಹ್ನೆ. ಇಲ್ಲಿ ಮೊದಲ ಸುತ್ತನ್ನು ಗೆಲ್ಲಲು ಆಡಬೇಡಿ, ನೋಡಲು ಆಡಿ. ಸಾಧ್ಯವಾದಷ್ಟು ಟ್ಯೂಬ್‌ಗಳನ್ನು ತೆರೆಯುತ್ತಾ, ಕಂಡ ಬಣ್ಣಗಳನ್ನು ಮೇಲಿನಿಂದ ಕೆಳಕ್ಕೆ ಬರೆದುಕೊಳ್ಳಿ. ಸಿಕ್ಕಿಹಾಕಿಕೊಂಡಾಗ ರೀಸ್ಟಾರ್ಟ್. ಎರಡನೇ ಸುತ್ತಿನಲ್ಲಿ ಬೇರೆ ಟ್ಯೂಬ್‌ಗಳನ್ನು ತೆರೆಯಿರಿ. ಪ್ರತಿ ಬಣ್ಣಕ್ಕೂ 4 ಪಾಲು ಎಂಬ ನಿಯಮ ಇರುವುದರಿಂದ ಪೂರ್ತಿ ತೆರೆಯುವುದೂ ಬೇಡ. ಮುಕ್ಕಾಲು ಭಾಗ ಕಂಡ ಮೇಲೆ ಯಾವ ಬಣ್ಣದ ಎಷ್ಟು ಪಾಲು ಉಳಿದಿದೆ ಎಂದು ಎಣಿಸಿಯೇ ಹೇಳಬಹುದು. ಆಮೇಲೆ 3ನೇ ಹಂತದಿಂದ ಮಾಮೂಲಿ ಲೆವೆಲಿನಂತೆ ಆಡಿ. ಮೊದಲ ಬಾರಿ ರೀಸ್ಟಾರ್ಟ್ ಮಾಡಿದಾಗ ಮೇಲಿನ ಬಣ್ಣಗಳು ಹಳೆಯ ಜಾಗದಲ್ಲೇ ಇವೆಯೇ ಎಂದು ನೋಡಿಕೊಳ್ಳಿ. ಪ್ರತಿ ಸಲ ಬದಲಾಗುವ ಆ್ಯಪ್ ಆದರೆ ಬರೆದದ್ದು ವ್ಯರ್ಥ.

ಹಂತ 9: ಎಲ್ಲಿ, ಎಷ್ಟು ಹೊತ್ತು

ಮಡಿಕೇರಿಯಿಂದ ಸಂಪಾಜೆ ಇಳಿಯುವ ಬಸ್ಸಿನಲ್ಲಿ ಆಡಬೇಡಿ. ಕಣ್ಣು ನಿಂತ ಟ್ಯೂಬನ್ನು ನೋಡುತ್ತಿರುತ್ತದೆ, ಒಳಗಿವಿ ತಿರುವುಗಳನ್ನು ಲೆಕ್ಕ ಹಾಕುತ್ತಿರುತ್ತದೆ. ಎರಡಕ್ಕೂ ತಾಳೆಯಾಗದೆ ವಾಂತಿ ಬರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಕಾಯುವಾಗ ಆಡಿ, ಬಸ್ ಹತ್ತಿದ ಮೇಲೆ ಒಳಗಿಡಿ. ಲೆವೆಲ್ ಅರ್ಧಕ್ಕೆ ನಿಂತರೂ ಸಾಮಾನ್ಯವಾಗಿ ಹಾಗೇ ಉಳಿದಿರುತ್ತದೆ.

ಮಳೆಗಾಲದಲ್ಲಿ ಚಾರ್ಜಿಂಗ್ ಕಿಂಡಿಯಲ್ಲಿ ತೇವ ಇದೆ ಎಂದು ಫೋನು ಎಚ್ಚರಿಸಿದರೆ ಕೇಬಲ್ ತೆಗೆದು, ಗಾಳಿಯಾಡುವ ಕಡೆ ಇಟ್ಟು ಒಣಗಲು ಬಿಡಿ. ಬಟ್ಟೆ ಒಣಗಿಸಿದ ಹಾಗೆ ಒಲೆಯ ಮೇಲಿನ ಅಟ್ಟಕ್ಕೆ ಮಾತ್ರ ಇಡಬೇಡಿ, ಬಿಸಿಗೆ ಬ್ಯಾಟರಿ ಹಾಳಾಗುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಚಾರ್ಜಿಗೆ ಹಾಕಿಕೊಂಡೇ ಆಡುವುದೂ ಬೇಡ. ಸಿಡಿಲು ಶುರುವಾದ ಕೂಡಲೇ ಚಾರ್ಜರ್ ಪ್ಲಗ್ಗಿನಿಂದ ಕಿತ್ತಿಡಿ.

ಒಂದೇ ಲೆವೆಲಿನಲ್ಲಿ ಐದು ಸಲ ಸೋತರೆ ಬಿಟ್ಟು ಏಳಿ. ಹಟಕ್ಕೆ ಬಿದ್ದು ಆಡಿದಷ್ಟೂ ಓದುವ ಅರ್ಧ ನಿಮಿಷವನ್ನು ಕಡಿತ ಮಾಡುತ್ತಾ ಹೋಗುತ್ತೀರಿ. ಬೆಳಿಗ್ಗೆ ಕಾಫಿ ಹಿಡಿದು ಕೂತಾಗ ಅದೇ ಲೆವೆಲ್ ಎರಡು ನಿಮಿಷದ್ದು. ಹೊಸಬರಿಗೆ, ಅದರಲ್ಲೂ ಮನೆಯ ಅಜ್ಜಿ ತಾತಂದಿರಿಗೆ ಕಲಿಸುವಾಗ ಪಕ್ಕದಲ್ಲಿ ಕೂತು ‘ಅದಲ್ಲ, ಇದು’ ಎಂದು ಬೆರಳು ಚಾಚಬೇಡಿ. ‘ತಳದಲ್ಲಿ ಯಾವ ಬಣ್ಣ ಇದೆ ನೋಡಿ ಅಜ್ಜಿ’ ಎಂದಷ್ಟೇ ಹೇಳಿ, ಅವರೇ ಸುರಿಯಲಿ.

ಹಂತ 10: ದುಡ್ಡು ಹೋಗದಂತೆ ನೋಡಿಕೊಳ್ಳುವುದು

ಮಕ್ಕಳ ಕೈಗೆ ಫೋನ್ ಕೊಡುವ ಮನೆಯಾದರೆ ಪ್ಲೇ ಸ್ಟೋರ್ ಸೆಟ್ಟಿಂಗ್ಸಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಮಾಡಿ. ‘ಜಾಹೀರಾತು ತೆಗೆಯಿರಿ’ ಎನ್ನುವ ಬಟನ್ ಎರಡು ಬಗೆಯದು: ಒಮ್ಮೆ ಕೊಟ್ಟರೆ ಮುಗಿಯುವುದು, ವಾರ ವಾರ ಕಡಿತವಾಗುವುದು. ಹಣ ಕಟ್ಟುವ ಪರದೆಯಲ್ಲಿ ಬೆಲೆಯ ಪಕ್ಕ ‘ಪ್ರತಿ ವಾರ’ ಅಥವಾ ‘ಉಚಿತ ಪ್ರಯೋಗದ ನಂತರ’ ಎಂದಿದ್ದರೆ ಅದು ಎರಡನೆಯದು.

ಅಂಥದ್ದು ಶುರುವಾಗಿಬಿಟ್ಟಿದ್ದರೆ ಆಟವನ್ನು ಅನ್‌ಇನ್‌ಸ್ಟಾಲ್ ಮಾಡಿದ ಮಾತ್ರಕ್ಕೆ ನಿಲ್ಲುವುದಿಲ್ಲ, ದುಡ್ಡು ಹೋಗುತ್ತಲೇ ಇರುತ್ತದೆ. ಪ್ಲೇ ಸ್ಟೋರ್ ತೆರೆದು, ಮೇಲಿರುವ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ‘ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್’, ಅದರೊಳಗೆ ‘ಸಬ್‌ಸ್ಕ್ರಿಪ್ಷನ್ಸ್’ಗೆ ಹೋಗಿ, ಆಟದ ಹೆಸರು ಆರಿಸಿ ಕ್ಯಾನ್ಸಲ್ ಮಾಡಿ. ಕೈತಪ್ಪಿ ಆದ ಖರೀದಿಯಾಗಿದ್ದರೆ 48 ಗಂಟೆಯೊಳಗೆ ಗೂಗಲ್ ಪ್ಲೇ ಮೂಲಕವೇ ಹಣ ವಾಪಸ್ ಕೇಳಿ. ಆ ಅವಧಿ ದಾಟಿದರೆ ಆಟ ಮಾಡಿದವರಿಗೇ ಬರೆಯಬೇಕು. ಅವರ ಇಮೇಲ್ ವಿಳಾಸ ಪ್ಲೇ ಸ್ಟೋರಿನಲ್ಲಿ ಆ ಆಟದ ಪುಟದ ಕೆಳಭಾಗದಲ್ಲಿ ಇರುತ್ತದೆ.